ಎಡಗಡೆಯ ಖಾಲಿ ಜಾಗ

ಮಾರ್ಚ್ 6

ಕೀಲು ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಅದರ ಮುಂದಿನದು ಮರೆತುಹೋಗಿದೆ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು.

ನಾನು ಚಪ್ಪಲಿ ಅಂಗಡಿಯವನು. ಈಗ ಅಂಗಡಿ ಬೇರೆಯವರ ಕೈಯಲ್ಲಿದೆ. ರಿಪೇರಿ ಕೆಲಸ ಮಾತ್ರ ಮನೆಯ ಜಗಲಿಯಲ್ಲಿ ಕೂತು ಮಾಡುತ್ತೇನೆ. ನನ್ನ ಹೆಂಡತಿ ತೀರಿಕೊಂಡು ಐದು ತಿಂಗಳಾಯಿತು. ಜ್ವರ ಬಂತು, ಎದೆಗೆ ಇಳಿಯಿತು, ಒಂಬತ್ತು ದಿನ. ಅವಳ ಸೊಂಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಏಕೆ ಬರೆದೆನೆಂದರೆ, ನಿಮ್ಮ ಫಾರಂನಲ್ಲಿ ಇರುವುದೆಲ್ಲ ಅವಳ ಸೊಂಟದ ವಿಷಯವೇ.

ನಿಮ್ಮ ಫಾರಂ ಪ್ರಕಾರ ಅವಳು ನಾಲ್ಕು ವರ್ಷದ ಹಿಂದೆ ಏಳು ಸಲ ನಿಮ್ಮಲ್ಲಿಗೆ ಬಂದಿದ್ದಾಳೆ. ಎಡಗಡೆಯ ಕೀಲಿನ ಸ್ಕ್ಯಾನ್ ಮಾಡಿಸಿಕೊಂಡಿದ್ದಾಳೆ. ಅದರಿಂದ ಕಂಪ್ಯೂಟರಿನಲ್ಲಿ ಒಂದು ಮಾಡೆಲ್ ಮಾಡಿ ನಡೆಸಿ ನೋಡಲು ಒಪ್ಪಿಗೆ ಕೊಟ್ಟಿದ್ದಾಳೆ. ಈಗ ಅವಳಿಲ್ಲ, ಆದ್ದರಿಂದ ನಾನು ಸಹಿ ಮಾಡಬೇಕು. ಎರಡು ಚೌಕ ಇವೆ: ‘ಉಳಿಸಿ’, ‘ಅಳಿಸಿ’. ವರ್ಷದ ಕೊನೆಯೊಳಗೆ ಏನೂ ಬರದಿದ್ದರೆ ಅಳಿಸಲಾಗುವುದು ಎಂದಿದೆ. ಅಳಿಸುವುದು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಇರುವುದು ಫಾರಂ ಬರೆದವರಿಗೆ ಹೊಳೆದಿಲ್ಲ.

ಸಹಿ ಹಾಕುವ ಗೆರೆಯ ಕೆಳಗೆ ಇಂಗ್ಲಿಷಿನಲ್ಲಿ ‘ನೆಕ್ಸ್ಟ್ ಆಫ್ ಕಿನ್’ ಎಂದಿದೆ. ನಾನು ಎರಡು ದಿನ ಅದನ್ನು ‘ನೆಕ್ಸ್ಟ್ ಆಫ್ ಸ್ಕಿನ್’ ಎಂದೇ ಓದಿಕೊಂಡೆ. ಚರ್ಮಕ್ಕೆ ಪಕ್ಕದವನು. ಜೀವನವಿಡೀ ಚರ್ಮ ಕೊಯ್ದವನಿಗೆ ಕಣ್ಣು ಹಾಗೇ ಓದುತ್ತದೆ. ಕನ್ನಡಕ ಹಾಕಿಕೊಂಡು ನೋಡಿದ ಮೇಲೆ ಗೊತ್ತಾಯಿತು, ಬರೀ ನೆಂಟ ಎಂದು.

ಏಳು ಸಲ. ಏಳು ಬುಧವಾರ. ಪ್ರತಿ ಸಲವೂ ನನಗೆ ತಂಗಿಯ ಮನೆಗೆ ಹೋಗಿ ಬರುತ್ತೇನೆ ಎಂದಿದ್ದಳು. ತಂಗಿಯನ್ನು ಮೊನ್ನೆ ಕೇಳಿದೆ. ‘ಭಾವ, ಅಕ್ಕ ಆ ವರ್ಷ ನಮ್ಮನೆಗೆ ಬಂದಿದ್ದೇ ಒಂದು ಸಲ’ ಅಂದಳು.

ಕೊನೆಗೆ ನಿಮ್ಮ ಸಹಿ ನೋಡಿದೆ. ಮೊದಲ ಅಕ್ಷರಕ್ಕೆ ಕೆಳಗಿನ ಎರಡು ಸಾಲಿನವರೆಗೂ ಇಳಿದ ಉದ್ದನೆಯ ಕಾಲು. ಈ ಕಾಲನ್ನು ನಾನು ಮೂವತ್ತೈದು ವರ್ಷದ ಹಿಂದೆ ಕೆಮಿಸ್ಟ್ರಿ ರೆಕಾರ್ಡಿನ ಮೇಲೆ ನೋಡಿದ್ದೇನೆ.

ಕಂಪಾಸು, ಇದು ನೀನೇ ಅಲ್ಲವೆ?

ಇತಿ ನಿಮ್ಮ ವಿಶ್ವಾಸಿ
(ವಿಶ್ವಾಸವೇನೂ ಇಲ್ಲ, ಪದ್ಧತಿಗೆ ಬರೆದದ್ದು)
ಸದರಿಯವಳ ಗಂಡ


ಮಾರ್ಚ್ 19

ಅಟ್ಟೆಗೆ,

ಹೌದು, ನಾನೇ. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಉಳಿದಿಲ್ಲ. ನಿನ್ನನ್ನು ಅಟ್ಟೆ ಎನ್ನುವವರು ಇದ್ದಾರೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆದಿದ್ದೇನೆ.

ಅವಳು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಆಸ್ಪತ್ರೆಯ ಪಟ್ಟಿಯಿಂದ. ಕಾಗದ ಬರೆಯಬೇಕಿತ್ತು. ಬರೆಯಲಿಲ್ಲ. ಕಚೇರಿಯವರು ಫಾರಂ ಕಳಿಸಿದರು.

ಅವಳು ನನ್ನನ್ನು ಹುಡುಕಿಕೊಂಡು ಬಂದವಳಲ್ಲ. ಮೂಳೆ ವಿಭಾಗದ ಸಾಲಿನಲ್ಲಿ ನಿಂತಿದ್ದಳು, ಡಾಕ್ಟರು ಇಲ್ಲಿಗೆ ಕಳಿಸಿದರು. ಎರಡನೇ ಸಲ ಬಂದಾಗ ನಾನು ನೋಡಿದೆ. ‘ಅಟ್ಟೆಗೆ ಹೇಳಿದ್ದೀಯಾ’ ಎಂದು ಕೇಳಿದೆ. ‘ಹೇಳಿದ್ರೆ ಊಟ ಬಿಡ್ತಾರೆ’ ಅಂದಳು. ನಾವಿಬ್ಬರೂ ಅದಕ್ಕಿಂತ ಹೆಚ್ಚಿನ ಸ್ವಂತ ಮಾತು ಆಡಲಿಲ್ಲ.

ನಮ್ಮ ಕೆಲಸ ಏನೆಂದು ಫಾರಂನಲ್ಲಿ ಸರಿಯಾಗಿ ಬರೆದಿಲ್ಲ, ಹೇಳುತ್ತೇನೆ. ಮೂಳೆಯನ್ನು ತೆಳ್ಳಗೆ ಹೋಳು ಹೋಳಾಗಿ ಸ್ಕ್ಯಾನ್ ಮಾಡುತ್ತೇವೆ. ಆ ಹೋಳುಗಳನ್ನು ಕಂಪ್ಯೂಟರ್ ಒಂದರ ಮೇಲೊಂದು ಜೋಡಿಸಿ ಇಡೀ ಕೀಲಿನ ಆಕಾರ ಕಟ್ಟುತ್ತದೆ. ತೊಡೆಮೂಳೆಯ ತುದಿಯಲ್ಲಿ ಚೆಂಡು, ಅದು ಕೂರುವ ಬಟ್ಟಲು, ನಡುವೆ ಮೆತ್ತನೆಯ ಮೃದುಮೂಳೆ. ಆಮೇಲೆ ಅದಕ್ಕೆ ಮೈಭಾರ ಕೊಟ್ಟು ನಡೆಸುತ್ತೇವೆ. ಒತ್ತಡ ಹೆಚ್ಚಿದ ಕಡೆ ಕೆಂಪಾಗುತ್ತದೆ.

ಅವಳ ಎಡ ಬಟ್ಟಲಿಗೆ ಹುಟ್ಟಿನಿಂದಲೇ ಆಳವಿಲ್ಲ. ಬಟ್ಟಲು ಇರಬೇಕಾದಲ್ಲಿ ತಟ್ಟೆ ಇದೆ. ಚೆಂಡು ಅಂಚಿನ ಮೇಲೆ ಕೂತಿದೆ. ನನ್ನ ಲೆಕ್ಕದ ಪ್ರಕಾರ ನಲವತ್ತರ ಹೊತ್ತಿಗೆ ಮೃದುಮೂಳೆ ಪೂರ್ತಿ ಸವೆದು ಅವಳು ನಡೆಯಲಾರದೆ ಕೂರಬೇಕಿತ್ತು. ಐವತ್ತೆರಡರಲ್ಲಿ ತೆಗೆದ ಸ್ಕ್ಯಾನಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಅಷ್ಟು ವರ್ಷದ ಭಾರ ಎಲ್ಲಿ ಹೋಯಿತು ಎಂಬುದು ನನಗೆ ತಿಳಿಯುತ್ತಿಲ್ಲ. ದಿನಾ ಬೆಳಿಗ್ಗೆ ಅವಳು ನನ್ನ ಪರದೆಯ ಮೇಲೆ ನಡೆಯುತ್ತಾಳೆ, ದಿನಾ ಅಂಚು ಕೆಂಪಾಗುತ್ತದೆ. ಮೂಳೆ ಮಾತ್ರ ಬೇರೆಯೇ ಹೇಳುತ್ತದೆ.

ಅವಳು ಹೆಚ್ಚು ನಡೆಯುತ್ತಿರಲಿಲ್ಲವೆ? ಕೂತು ಮಾಡುವ ಕೆಲಸವೆ? ಅವಳ ಹಳೆಯ ಚಪ್ಪಲಿ ಒಂದು ಜೊತೆ ಇದ್ದರೆ ಕಳಿಸು, ಸವೆತ ನೋಡಬೇಕು.

ಆ ಕೀಲಿನಂಥದ್ದು ಇನ್ನೊಂದು ನಮ್ಮಲ್ಲಿಲ್ಲ. ದಯವಿಟ್ಟು ‘ಉಳಿಸಿ’ ಎನ್ನು.

ಇಂತು,
ಕಂಪಾಸು


ಮಾರ್ಚ್ 24

ಮುಖ್ಯಸ್ಥರಿಗೆ,

ನಿನ್ನ ಕಾಗದದಲ್ಲಿ ವ್ಯಾಕರಣದ ತಪ್ಪು ಎರಡಿವೆ.

ಒಂದು, ‘ನಡೆಯುತ್ತಾಳೆ’. ಇಂಗ್ಲಿಷ್ ಮೇಷ್ಟ್ರು ಟೆನ್ಸ್ ಟೆನ್ಸ್ ಎಂದು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಾಗ ನೀನು ಕೆಳಗೆ ಕೂತು ನಕ್ಕಿದ್ದೆ. ಪ್ರೆಸೆಂಟ್ ಕಂಟಿನ್ಯೂಯಸ್, ಪಾಸ್ಟ್ ಪರ್ಫೆಕ್ಟ್, ಎಲ್ಲದರಲ್ಲೂ ನಿನಗೆ ಫಸ್ಟ್ ಕ್ಲಾಸ್. ನಾನು ಅದೇ ಪೇಪರಿನಲ್ಲಿ ಫೇಲಾಗಿ ಅಪ್ಪನ ಅಂಗಡಿ ಸೇರಿದೆ. ಈಗ ನನಗೇ ಗೊತ್ತಿರುವುದು ನಿನಗೆ ಗೊತ್ತಿಲ್ಲ. ‘ನಡೆಯುತ್ತಿದ್ದಳು’ ಎಂದು ಬರೆಯಬೇಕು. ನಮ್ಮ ಮನೆಯಲ್ಲಿ ಭೂತಕಾಲವಾದವಳು ನಿನ್ನ ಕೋಣೆಯಲ್ಲಿ ವರ್ತಮಾನಕಾಲ ಹೇಗಾದಾಳು?

ಎರಡು, ‘ಅವಳು’. ಆ ಏಕವಚನ ಯಾರು ಕೊಟ್ಟರು ನಿನಗೆ? ಅವಳನ್ನು ಅವಳು ಎನ್ನುವ ಹಕ್ಕಿದ್ದವರು ಅವಳ ಅಪ್ಪ ಅಮ್ಮ, ನಾನು, ನನ್ನ ಅಕ್ಕ. ನನ್ನ ಅಕ್ಕನೂ ಎದುರಿಗೆ ಅನ್ನುತ್ತಿರಲಿಲ್ಲ. ಮದುವೆಗೆ ಬರದೆ ಒಂದು ಗೋಡೆ ಗಡಿಯಾರ ಕಳಿಸಿ ಕೈತೊಳೆದುಕೊಂಡವನು ನೀನು. ಆ ಗಡಿಯಾರವನ್ನು ನಾನು ಗೋಡೆಗೆ ಹಾಕಲಿಲ್ಲ. ಟು ಬಿ ಫ್ರಾಂಕ್, ಪೆಟ್ಟಿಗೆಯಿಂದಲೇ ತೆಗೆಯಲಿಲ್ಲ.

ಹೆಚ್ಚು ನಡೆಯುತ್ತಿರಲಿಲ್ಲವೆ ಎಂದು ಕೇಳಿದ್ದೀಯ. ಅವಳು ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಮನೆಯಿಂದ ಲೈಬ್ರರಿಗೆ ಕಾಲುಗಂಟೆ ಮೇಲೆ ಹತ್ತು ನಿಮಿಷ, ಬರುವಾಗ ಸ್ವಲ್ಪ ಏರು. ಇಪ್ಪತ್ತೊಂಬತ್ತು ವರ್ಷ, ಹೋಗುವಾಗಲೂ ಬರುವಾಗಲೂ ನಾನು ಜೊತೆಗಿದ್ದೆ. ಬಸ್ಸು ಹತ್ತಿ ಎಂದರೆ ಕೇಳುತ್ತಿರಲಿಲ್ಲ. ‘ನಿಮ್ ಜೊತೆ ಜಗಳ ಆಡೋಕೆ ಬೇರೆ ಟೈಮ್ ಎಲ್ಲಿದೆ ನಂಗೆ’ ಅನ್ನುತ್ತಿದ್ದಳು. ಕೂತು ಮಾಡುವ ಕೆಲಸವಂತೆ. ಪುಸ್ತಕದ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದಳೋ ನಿನ್ನ ಕಂಪ್ಯೂಟರನ್ನೇ ಕೇಳು.

ಎಡಗಾಲು ಸ್ವಲ್ಪ ಗಿಡ್ಡ ಎಂದು ನನಗೆ ಮದುವೆಯ ಮುಂಚೆಯೇ ಗೊತ್ತಿತ್ತು. ಪಾದ ನೋಡಿ ಊರು ಹೇಳುವ ಮನೆತನ ನಮ್ಮದು. ಅವಳ ಎಡ ಚಪ್ಪಲಿಗೆಲ್ಲ ಒಳಗಿಂದ ಅರ್ಧ ಬೆರಳು ಕಾರ್ಕ್ ಕೂಡಿಸಿಕೊಟ್ಟವನು ನಾನು. ಹೊರಗಿನಿಂದ ನೋಡಿದವರಿಗೆ ಗೊತ್ತೇ ಆಗದ ಹಾಗೆ. ಹನ್ನೊಂದು ಜೊತೆ ಇವೆ. ಕಪಾಟಿನಲ್ಲಿ ಇವೆ, ಕಪಾಟಿನಲ್ಲೇ ಇರುತ್ತವೆ. ಮೂಳೆ ನಿನಗೆ ಸಿಕ್ಕಿದೆ, ಚಪ್ಪಲಿ ನನಗಿರಲಿ.

ಸಹಿ ಮಾಡಿಲ್ಲ.

ಇಂತು,
ಸದರಿಯವಳ ಗಂಡ


ಏಪ್ರಿಲ್ 30

ಅಟ್ಟೆಗೆ,

ತಪ್ಪಾಯಿತು. ಅವರು.

ಒಂದು ಸಲ ಬಂದು ನೋಡು. ನೋಡದೆ ಅಳಿಸಬೇಡ. ಮೇ ಮೊದಲ ವಾರ ನಾನು ಊರಲ್ಲಿರುವುದಿಲ್ಲ. ನೀನು ಬರುವುದಾದರೆ ಅದೇ ಒಳ್ಳೆಯದೆಂದು ಹೇಳುತ್ತಿದ್ದೇನೆ. ನಮ್ಮ ಟೆಕ್ನಿಷಿಯನ್ ಮೇಡಂ ಎಲ್ಲ ತೋರಿಸುತ್ತಾರೆ. ನಿನ್ನ ಮನೆಯವರ ನಡಿಗೆಯನ್ನು ರೆಕಾರ್ಡ್ ಮಾಡಿದವರೂ ಆ ಮೇಡಂ ಅವರೇ.

ಇಂತು,
ಕಂಪಾಸು


ಮೇ 12

ಕಂಪಾಸು,

ಬಂದಿದ್ದೆ. ನೋಡಿದೆ.

ನಿನ್ನ ಕೋಣೆಗೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಸೊಂಟ ನೋಯುವವರೆಲ್ಲ ಮೂರು ಮಹಡಿ ಹತ್ತಿ ಬರಬೇಕು, ಇದು ನಿಮ್ಮ ಸೈನ್ಸು. ಟೆಕ್ನಿಷಿಯನ್ ಮೇಡಂ ಒಳ್ಳೆಯವರು. ನನ್ನನ್ನು ಕೂರಿಸಿ, ನೀರು ಕೊಟ್ಟು, ಪರದೆ ಹಚ್ಚಿ, ‘ಇವ್ರೇ ಸಾರ್ ನಮ್ಮ ಹದಿನೇಳನೇ ನಂಬರ್’ ಅಂದರು.

ನಾನು ಏನು ನೋಡುತ್ತೇನೆ ಎಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ. ಮುಖ ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ಪರದೆಯ ಮೇಲೆ ಬೂದು ಬಣ್ಣದ ಆ ಬಟ್ಟಲೂ ಚೆಂಡೂ ಬಂದಾಗ ಎದ್ದು ನಿಂತುಬಿಟ್ಟೆ. ಹೆಂಗಸರ ಕೋಣೆಗೆ ಬಾಗಿಲು ತಟ್ಟದೆ ಹೋದ ಹಾಗಾಯಿತು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ನಾನು ನೋಡದ್ದನ್ನು ನೀನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ನೋಡುತ್ತೀಯ. ಮೇಡಂ ಒಂದು ಗುಂಡಿ ಒತ್ತಿ ಅದನ್ನು ತಿರುಗಿಸಿದರು. ಹಿಂದಿನಿಂದ, ಮೇಲಿನಿಂದ, ಒಳಗಿನಿಂದ. ನಾನು ‘ಸಾಕು ತಾಯಿ, ತಿರುಗಿಸಬೇಡಿ’ ಅಂದೆ.

‘ನಮ್ ಸಾರ್‌ಗೆ ಹದಿನೇಳು ಅಂದ್ರೆ ಪ್ರಾಣ’ ಅಂದರು ಅವರು. ಅವರಿಗೇನು ಗೊತ್ತು ಪಾಪ. ‘ಬೇರೆ ಐವತ್ತು ಮಾಡೆಲ್ ಇದ್ರೂ ಬೆಳಿಗ್ಗೆ ಬಂದ ತಕ್ಷಣ ಮೊದಲು ಇವ್ರನ್ನೇ ನಡೆಸ್ತಾರೆ. ಮೂರು ವರ್ಷದಿಂದ ನೋಡ್ತಿದೀನಿ.’

ಆ ಮಾತನ್ನು ನಾನು ಮನೆಯವರೆಗೂ ಹೊತ್ತುಕೊಂಡು ಬಂದೆ.

ಆಮೇಲೆ ರೆಕಾರ್ಡಿಂಗ್ ತೋರಿಸಿದರು. ಮೈಗೆ ಅಲ್ಲಲ್ಲಿ ಸಣ್ಣ ಮಣಿಗಳನ್ನು ಅಂಟಿಸಿ ಉದ್ದದ ಕೋಣೆಯಲ್ಲಿ ನಡೆಸಿದ್ದಂತೆ; ಕ್ಯಾಮೆರಾಗೆ ಆ ಮಣಿಗಳು ಮಾತ್ರ ಕಾಣುತ್ತವಂತೆ. ಕಪ್ಪು ಪರದೆಯ ಮೇಲೆ ಬಿಳಿಯ ಚುಕ್ಕೆಗಳು. ಮೈಯಿಲ್ಲ, ಸೀರೆಯಿಲ್ಲ, ಮುಖವಿಲ್ಲ. ಚುಕ್ಕೆಗಳು ಹೊರಟವು. ಎರಡು ಹೆಜ್ಜೆಗೆ ಗುರುತು ಹಿಡಿದೆ. ಜನಜಂಗುಳಿಯಲ್ಲಿ ಒಂದು ಫರ್ಲಾಂಗ್ ದೂರದಿಂದ ಗುರುತು ಹಿಡಿಯುತ್ತಿದ್ದ ನಡಿಗೆ ಅದು.

ಆದರೆ ಬಲಗೈ ಬೀಸುತ್ತಿರಲಿಲ್ಲ. ಎಡಗೈ ಹಿಂದೆ ಮುಂದೆ ಹೋಗುತ್ತದೆ, ಬಲಗೈ ಮೊಣಕೈಯಲ್ಲಿ ಮಡಚಿ, ಸ್ವಲ್ಪ ಹೊರಕ್ಕೆ ಚಾಚಿ, ಹಾಗೇ ನಿಂತಿದೆ. ಯಾರನ್ನೋ ಹಿಡಿದುಕೊಂಡ ಹಾಗೆ. ನಾನು ಮೇಡಂ ಅವರನ್ನು ಕೇಳಿದೆ. ‘ಭುಜ ಹಿಡ್ಕೊಂಡಿತ್ತು ಅನ್ಸುತ್ತೆ ಸಾರ್. ಕೈ ಬಿಟ್ಟು ನಡೀರಿ ಅಂತ ಎಷ್ಟ್ ಸಲ ಹೇಳಿದ್ರೂ ಅಷ್ಟೇ’ ಅಂದರು.

ಅವಳ ಭುಜಕ್ಕೆ ಏನೂ ಆಗಿರಲಿಲ್ಲ. ಮೇಲಿನ ಕಪಾಟಿನ ಡಬ್ಬಿ ಇಳಿಸುತ್ತಿದ್ದವಳು ಅವಳು. ನಿನ್ನ ಕೋಣೆಯಲ್ಲಿ ಅವಳ ಬಲಗೈ ಯಾರನ್ನು ಹಿಡಿದಿತ್ತು? ನೀನು ಮಣಿ ಅಂಟಿಸಿಕೊಂಡಿರಲಿಲ್ಲ, ಆದ್ದರಿಂದ ಕ್ಯಾಮೆರಾಗೆ ಕಾಣಲಿಲ್ಲ, ಅಷ್ಟೇ ಅಲ್ಲವೆ?

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ‘ಬದುಕಿದ್ದಾಗ ಬಸ್ ಕಂಡಕ್ಟರ್ ನಕ್ರೆ ಮುಖ ಊದಿಸ್ಕೊಳ್ತಿದ್ದೆ. ಈಗ ಚುಕ್ಕೆಗೂ ಹೊಟ್ಟೆಕಿಚ್ಚು ಪಡ್ತೀಯೇನೋ?’ ಅಂದಳು.

ಪಡುತ್ತೇನೆ. ಅಕ್ಕನಿಗೆ ಗೊತ್ತಿಲ್ಲದ ಕಾರಣ ಒಂದಿದೆ. ಯಾರಿಗೂ ಹೇಳಿಲ್ಲ. ಇವತ್ತು ನಿನಗೆ ಹೇಳುತ್ತೇನೆ, ನಿನಗೇ ಸಲ್ಲಬೇಕಾದ್ದು.

ಕಾಲೇಜಿನಿಂದ ಬಸ್ ನಿಲ್ದಾಣದವರೆಗೆ ನಾವು ಮೂವರೂ ನಡೆದು ಹೋಗುತ್ತಿದ್ದೆವು. ನಡುವೆ ಅವಳು. ಎಡಗಡೆ ನೀನು, ಬಲಗಡೆ ನಾನು. ಅವಳ ಬಲಗೈ ನನ್ನ ಚೀಲದ ಚರ್ಮದ ಪಟ್ಟಿಯ ಮೇಲಿರುತ್ತಿತ್ತು, ನಾನು ದಡಬಡ ಮುಂದೆ ಹೋಗದಿರಲಿ ಎಂದು. ಹಾಗೆಂದುಕೊಂಡಿದ್ದೆ. ಮುಖ ಮಾತ್ರ ಯಾವಾಗಲೂ ಎಡಕ್ಕೆ. ನೀನು ಏನಾದರೂ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಕಿವಿ.

ಆಮೇಲೆ ನನ್ನನ್ನು ಮದುವೆಯಾದಳು. ಏಕೆ ಎಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಭಯ. ಮದುವೆಯಾದ ಮೊದಲ ವಾರ ರಸ್ತೆಯಲ್ಲಿ ನಡೆಯುವಾಗ ನಾನು ಬೇಕೆಂದೇ ಅವಳ ಎಡಗಡೆಗೆ ಬಂದೆ. ಇನ್ನು ಅದು ನನ್ನ ಜಾಗ ತಾನೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ನಿಂತಳು. ‘ಈ ಕಡೆ ಬನ್ನಿ’ ಅಂದಳು. ಬಲಗಡೆಗೆ ಕರೆದಳು. ನನ್ನ ಎಡ ಮುಂಗೈ ಮೇಲೆ ಕೈ ಇಟ್ಟು ಹೊರಟಳು. ಆಮೇಲೆ ಎಷ್ಟೋ ಸಲ ಹಾಗಾಯಿತು. ಪ್ರತಿ ಸಲವೂ ‘ಈ ಕಡೆ ಬನ್ನಿ’. ಇಪ್ಪತ್ತೊಂಬತ್ತು ವರ್ಷ ಅವಳ ಎಡಗಡೆ ಖಾಲಿ ಇತ್ತು. ನಾನು ಅದನ್ನು ನೋಡಿಕೊಂಡೇ ನಡೆದೆ. ಅಲ್ಲಿ ಯಾರು ನಡೆಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಕೊನೆಯ ದಿನ ಆಸ್ಪತ್ರೆಯ ಮಂಚ ಗೋಡೆಗೆ ಒತ್ತಿಕೊಂಡಿತ್ತು; ಅವಳ ಎಡಪಕ್ಕ ಮಾತ್ರ ತೆರವಿತ್ತು. ಆಗ ಕೂತೆ ಅಲ್ಲಿ. ಅವಳಿಗೆ ಎಚ್ಚರವಿರಲಿಲ್ಲ.

ಬಲಗಡೆ ಒಂದಾದರೂ ನನ್ನದು ಎಂದುಕೊಂಡಿದ್ದೆ. ಈಗ ನಿನ್ನ ಚುಕ್ಕೆಗಳನ್ನು ನೋಡಿದ ಮೇಲೆ ಅದೂ ಹೋಯಿತು. ಅಳಿಸಿಬಿಡು. ಫಾರಂ ಹುಡುಕಿ ತುಂಬಿ ಕಳಿಸುತ್ತೇನೆ. ನನ್ನನ್ನು ಎರಡೂ ಅರ್ಥದಲ್ಲಿ ಅಳಿಸಿಯಾಗಿದೆ, ಅದೊಂದು ಏಕೆ ಉಳಿಯಬೇಕು.

ಇಂತು,
ಅಟ್ಟೆ


ಆಗಸ್ಟ್ 2

ಅಟ್ಟೆಗೆ,

ಫಾರಂ ಇನ್ನೂ ಬಂದಿಲ್ಲ. ಬರುವ ಮುಂಚೆ ಇದನ್ನು ಓದು. ಎರಡೂವರೆ ತಿಂಗಳು ತಡವಾಯಿತು, ಲೆಕ್ಕವನ್ನು ನಾಲ್ಕು ಸಲ ಮಾಡಿದೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆ ಕೋಣೆಯಲ್ಲಿ ಅವರು ನಡೆದ ದಾರಿಯ ಬಲಗಡೆ ಹತ್ತಡಿ ಖಾಲಿ ನೆಲ, ಆಮೇಲೆ ಗೋಡೆ. ನಾನು ಗಾಜಿನ ಆಚೆ ಕೂತಿದ್ದೆ, ಮೇಡಂ ಪಕ್ಕದಲ್ಲಿ. ಅವರ ಕೈ ಯಾರನ್ನು ಹಿಡಿದಿತ್ತು ಎಂದು ನನ್ನನ್ನು ಕೇಳುತ್ತೀಯಲ್ಲ. ನಿನ್ನ ಕಾಗದವನ್ನು ನೀನೇ ಇನ್ನೊಮ್ಮೆ ಓದು.

ಈಗ ಲೆಕ್ಕ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಮೈಯೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಎಡಗಾಲಿನ ಮೇಲೆ ನಿಂತಾಗ ಮೈಭಾರ ಬಲಕ್ಕೆ ಜೋತುಬೀಳುತ್ತದೆ. ಬೀಳದಂತೆ ತಡೆಯಲು ಎಡಗಡೆಯ ಸ್ನಾಯು ಕೆಳಕ್ಕೆ ಎಳೆಯಬೇಕು. ತಕ್ಕಡಿಯೇ, ಆದರೆ ಒಂದು ಕೈ ಉದ್ದ, ಒಂದು ಕೈ ಗಿಡ್ಡ. ಗಿಡ್ಡ ಕಡೆಯಿಂದ ಎಳೆಯುವವನು ಎರಡು ಪಟ್ಟು ಎಳೆಯಬೇಕು. ಆ ಎಳೆತವೂ ಮೈಭಾರವೂ ಸೇರಿ ಚೆಂಡನ್ನು ಬಟ್ಟಲಿಗೆ ಒತ್ತುತ್ತವೆ. ಮೈತೂಕದ ಸುಮಾರು ಮೂರು ಪಟ್ಟು. ಅವರ ಬಟ್ಟಲು ತಡೆಯಲಾರದ್ದು ಅದನ್ನೇ.

ಎಡಕೀಲು ನೋಯುವವರಿಗೆ ಎಡಗಡೆಯಿಂದ ಆಸರೆ ಕೊಡಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕೊಟ್ಟರೆ ಹೆಚ್ಚೇನೂ ಉಪಯೋಗವಿಲ್ಲ. ಬಲಗಡೆಯಿಂದ ಕೊಡಬೇಕು. ತಕ್ಕಡಿಯ ಉದ್ದನೆಯ ತುದಿಯನ್ನು ಅಲ್ಲಿಂದ ಸ್ವಲ್ಪ ಎತ್ತಿದರೆ ಸಾಕು. ಬಲ ಅಂಗೈಯಿಂದ ಎಂಟು ಕಿಲೋ ಭಾರವನ್ನು ಪಕ್ಕದವನ ಮುಂಗೈ ಮೇಲೆ ಇಳಿಸಿದರೆ, ಎಡಕೀಲಿನ ಮೇಲಿಂದ ಐವತ್ತು ಅರವತ್ತು ಕಿಲೋ ಇಳಿಯುತ್ತದೆ. ಪ್ರತಿ ಹೆಜ್ಜೆಗೂ.

ಇದು ನನಗೆ ಗೊತ್ತಿಲ್ಲದ್ದಲ್ಲ. ಊರುಗೋಲಿನ ಬಗ್ಗೆ ನಾನೇ ವರ್ಷ ವರ್ಷ ಪಾಠ ಮಾಡಿದ್ದೇನೆ. ಆದರೆ ಊರುಗೋಲು ಇಲ್ಲ ಎಂದು ಅವರ ಫಾರಂನಲ್ಲಿ ಬರೆದಿತ್ತು. ಯಾರ ಜೊತೆ ನಡೆಯುತ್ತೀರಿ ಎಂಬ ಅಂಕಣ ನಮ್ಮ ಫಾರಂನಲ್ಲಿಲ್ಲ.

ನಿನ್ನ ಬೈಗುಳದ ಕಾಗದ ಓದಿದ ದಿನ ಮಾಡೆಲ್‌ನ ಬಲ ಅಂಗೈಗೆ ಒಂದು ಬಾಣ ಹಾಕಿದೆ. ನಮ್ಮ ಕೆಲಸದಲ್ಲಿ ಬಲವನ್ನು ಬಾಣದಿಂದ ತೋರಿಸುತ್ತೇವೆ. ಎಂಟು ಕಿಲೋ, ಕೆಳಗಿನಿಂದ ಮೇಲಕ್ಕೆ. ದಿನಕ್ಕೆ ಎರಡು ಸಲ, ಮದುವೆಯಿಂದ ಸ್ಕ್ಯಾನಿನವರೆಗೆ ಇಪ್ಪತ್ತೈದು ವರ್ಷ. ನಡೆಸಿದೆ. ಅಂಚು ಕೆಂಪಾಗಲಿಲ್ಲ. ಮೃದುಮೂಳೆ ಎಷ್ಟು ಉಳಿಯಬೇಕೆಂದು ಲೆಕ್ಕ ಹೇಳಿತೋ, ಸ್ಕ್ಯಾನಿನಲ್ಲಿ ಹೆಚ್ಚುಕಮ್ಮಿ ಅಷ್ಟೇ ಉಳಿದಿದೆ.

ಅವರು ಎಡಗಡೆಯನ್ನು ಯಾರಿಗೂ ಇಟ್ಟಿರಲಿಲ್ಲ. ಅಲ್ಲಿ ಯಾರಿದ್ದರೂ ಅವರಿಗೆ ಬೇಕಿರಲಿಲ್ಲ, ಅಷ್ಟೇ.

ಅಟ್ಟೆ, ಮುಖ ನನ್ನ ಕಡೆ ತಿರುಗಿರುತ್ತಿತ್ತು, ನಿಜ. ನಾನೂ ಅದನ್ನೇ ನಂಬಿದೆ. ಭಾರ ಯಾವ ಕಡೆಗಿತ್ತು ಎಂದು ನೋಡಲಿಲ್ಲ. ಬಲಗಡೆಗೆ ಬರಬೇಕೆಂದು ಕಾಲೇಜಿನ ಕೊನೆಯ ವರ್ಷ ಎರಡು ಸಲ ಪ್ರಯತ್ನ ಮಾಡಿದ್ದೆ. ಜಾಗ ಖಾಲಿ ಇರಲಿಲ್ಲ. ಹೊಟ್ಟೆಕಿಚ್ಚಿನ ಲೆಕ್ಕ ಮಾಡುವುದಾದರೆ ಅದನ್ನೂ ಸೇರಿಸಿಕೋ.

ಸಹಿಯ ವಿಷಯ ಇನ್ನು ಕೇಳುವುದಿಲ್ಲ.

ಇಂತು,
ಕಂಪಾಸು


ಆಗಸ್ಟ್ 9

ಕಂಪಾಸು,

ಕಾಗದ ಬಂತು. ಓದಿದೆ. ಇನ್ನೊಮ್ಮೆ ಓದಬೇಕು.

ಅಟ್ಟೆ


ನವೆಂಬರ್ 27

ಕಂಪಾಸು,

ತಡವಾಯಿತು. ರಿಪೇರಿ ಕೆಲಸ ಇತ್ತು. ಸುಳ್ಳು, ಇರಲಿಲ್ಲ.

ನಿನ್ನ ಕಾಗದವನ್ನು ಮೊದಲು ನಾನು ನಂಬಲಿಲ್ಲ. ನೀನು ಕಾಲೇಜಿನಲ್ಲೂ ಹೀಗೇ, ಸೋತ ಆಟವನ್ನೂ ಬೋರ್ಡಿನ ಮೇಲೆ ಗೆದ್ದು ತೋರಿಸುತ್ತಿದ್ದೆ. ನನ್ನನ್ನು ಸಮಾಧಾನ ಮಾಡಿ ಸಹಿ ಹೊಡೆಸಿಕೊಳ್ಳುವ ಉಪಾಯ ಎಂದುಕೊಂಡೆ. ಪುರಾವೆ ಬೇಕಿತ್ತು. ಅವಳ ಹನ್ನೊಂದು ಜೊತೆಯನ್ನೂ ಜಗಲಿಯ ಮೇಲೆ ಸಾಲಾಗಿಟ್ಟು ನೋಡಿದೆ. ಎಡದ್ದೂ ಬಲದ್ದೂ ಸಮನಾಗಿ ಸವೆದಿವೆ. ಕುಂಟುವವರ ಚಪ್ಪಲಿ ಹಾಗೆ ಸವೆಯುವುದಿಲ್ಲ. ಇದನ್ನು ನೋಡಿ ಆ ಕಾಲದಲ್ಲಿ ನನ್ನ ಕಾರ್ಕಿನ ಕೆಲಸಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಕ್ಕ ಬಂದು ನಿಂತಳು. ‘ಅಲ್ಲೇನ್ ನೋಡ್ತೀಯ, ನಿನ್ ಬೂಟ್ ನೋಡ್ಕೋ’ ಅಂದಳು.

‘ನನ್ನದು ಏಕೆ?’

‘ನೀನು ಅವ್ರ ಜೊತೆ ಮೊದ್ಲಿಂದ್ಲೂ ಎಡಕ್ಕೆ ವಾಲ್ಕೊಂಡೇ ನಡೀತಿದ್ದೆ. ನಿಮ್ಮಿಬ್ಬರನ್ನ ಹಿಂದಿನಿಂದ ನೋಡಿದ್ರೆ ಅವ್ರು ನೆಟ್ಟಗೆ, ನೀನು ಸೊಟ್ಟ. ಅವ್ರಿಗೆ ಕಾಲು ಸರಿ ಇಲ್ಲ ಅಂತ ನಂಗೆ ಗೊತ್ತಾಗಿದ್ದೇ ಮದ್ವೆಯಾಗಿ ಹತ್ತು ವರ್ಷ ಆದ್ಮೇಲೆ. ಅಲ್ಲೀವರ್ಗೂ ಕುಂಟ ನೀನು ಅಂತಿದ್ದೆ.’

ಈಗ ನಾನು ಹೇಳುವುದನ್ನು ನಿನ್ನ ಕಂಪ್ಯೂಟರಿಗೆ ಹಾಕಿಕೋ. ಮದುವೆಯಾದ ಮೇಲೆ ನನ್ನ ಬಲ ಬೂಟಿಗೆ ಒಂದು ಸಲ ಅಟ್ಟೆ ಹಾಕಿದರೆ ಎಡ ಬೂಟಿಗೆ ಎರಡು ಸಲ ಹಾಕಬೇಕಾಗುತ್ತಿತ್ತು. ಹೊರ ಅಂಚು ತಿಂದುಹೋಗಿರುತ್ತಿತ್ತು. ಊರಿನವರ ಕಾಲನ್ನೆಲ್ಲ ಓದಿದ ನಾನು ನನ್ನದನ್ನು ಓದಲಿಲ್ಲ. ನನ್ನ ನಡಿಗೆಯೇ ಹಾಗೆ ಎಂದುಕೊಂಡೆ. ಎಡ ಬೂಟು ಬಿಚ್ಚಿಟ್ಟುಕೊಂಡು ಕೂತಾಗಲೆಲ್ಲ ಅವಳು ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ‘ಈ ಸಲ ಸ್ವಲ್ಪ ದಪ್ಪದ್ದು ಹಾಕ್ಕೊಳ್ರಿ’ ಅನ್ನುತ್ತಿದ್ದಳು. ನಾನು, ‘ಚರ್ಮದ ವಿಷಯ ನನಗೆ ಹೇಳ್ಕೊಡ್ತೀಯಾ’ ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಆಗ ಮುಖ ನನ್ನ ಕಡೆಗೇ ಇರುತ್ತಿತ್ತು. ಅದನ್ನು ಮರೆತಿದ್ದೆ.

ಈಗ ಹಾಕಿಕೊಳ್ಳುತ್ತಿರುವ ಬೂಟಿಗೆ ಅಟ್ಟೆ ಹಾಕಿದ್ದು ಹೋದ ವರ್ಷ ಅಕ್ಟೋಬರ್ ಕೊನೆಯಲ್ಲಿ, ಅವಳು ಹೋಗಿ ಇಪ್ಪತ್ತು ದಿನಕ್ಕೆ. ಮೊನ್ನೆ ತಿರುಗಿಸಿ ನೋಡಿದೆ. ಎಡದ್ದೂ ಬಲದ್ದೂ ಸಮ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಬೂಟು ಸರಿಯಾಗಿ ಸವೆಯುತ್ತಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಅಕ್ಕ ಬಂದು ಎಬ್ಬಿಸಿದಳು.

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಇದೆ. ನೀನು ಕಳಿಸಿದ್ದ ಗಡಿಯಾರದ ಪೆಟ್ಟಿಗೆಯೇ, ಗಟ್ಟಿ ಇತ್ತು. ಗಡಿಯಾರ ಗೋಡೆಯ ಮೇಲಿದೆ, ನಿಧಾನವಾಗಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ನನ್ನ ಹಳೆಯ ಎಡ ಬೂಟು ಒಂದಿದೆ, ಅವಳಿದ್ದ ಕಾಲದ್ದು, ಅಟ್ಟೆ ಬದಲಾಯಿಸದೆ ಉಳಿದದ್ದು. ನೀನು ಅವಳ ಚಪ್ಪಲಿ ಕೇಳಿದ್ದೆ. ಅವು ನಿನಗಿಲ್ಲ. ನಿನ್ನ ಎಂಟು ಕಿಲೋ ಈ ಬೂಟಿನಲ್ಲಿದೆ, ಅಳೆದುಕೋ.

ಫಾರಂ ಒಳಗಿದೆ. ‘ಉಳಿಸಿ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದ್ದೇನೆ. ಸಹಿಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಸೇರಿಸಿದ್ದೇನೆ, ಕಿನ್ ಎಂಬಲ್ಲಿ. ಕಚೇರಿಯವರು ಸ್ಪೆಲಿಂಗ್ ತಪ್ಪು ಎನ್ನುತ್ತಾರೆ. ಅವರಿಗೆ ಹೇಳು, ಈ ಸಲ ಕನ್ನಡಕ ಹಾಕಿಕೊಂಡೇ ಬರೆದದ್ದು ಎಂದು.

ಇನ್ನು ವ್ಯಾಕರಣ. ‘ನಡೆಯುತ್ತಾಳೆ’ ಎಂದೇ ಬರೆದುಕೋ, ಅಭ್ಯಂತರವಿಲ್ಲ. ‘ಅವಳು’ ಎಂದರೂ ನಡೆದೀತು. ಇಷ್ಟು ವರ್ಷ ಅವಳ ಎಡಗಡೆಯ ಖಾಲಿ ಜಾಗದಲ್ಲಿ ನಡೆದವನಿಗೆ ಒಂದು ಏಕವಚನವಾದರೂ ಇರಲಿ.

ಆದರೆ ಷರತ್ತು ಒಂದಿದೆ. ದಿನಾ ಬೆಳಿಗ್ಗೆ ನೀನು ಅವಳನ್ನು ನಡೆಸುವಾಗ ಆ ಬಾಣ ಇರಲೇಬೇಕು. ಬಾಣ ತೆಗೆದು ಅವಳನ್ನು ಒಂದು ಹೆಜ್ಜೆಯೂ ನಡೆಸಕೂಡದು. ಮೇಡಂ ಅವರಿಗೂ ಹೇಳಿಡು. ನಾನು ಆಗಾಗ ಬಂದು ನೋಡುತ್ತೇನೆ. ಲಿಫ್ಟ್ ಸರಿ ಮಾಡಿಸು.

ಎಡಗಡೆ ಬೇಕಾದರೆ ನೀನು ನಿಂತುಕೋ. ಅಲ್ಲಿಂದ ಹೆಚ್ಚೇನೂ ಉಪಯೋಗವಿಲ್ಲ ಎಂದು ನೀನೇ ಬರೆದಿದ್ದೀಯ.

ಇಂತು,
ಬಲಗಡೆಯವನು